ಪಿಂಗಾಣಿಯ ಊರಿಗೆ ಹೊರಡುವ ಮುನ್ನ

ಯಾತ್ರೆಯ ಸುಖದಲ್ಲಿ ಅರ್ಧ ಪಾಲು ಮನೆ ಬಿಡುವ ಮೊದಲೇ ಕೈಸೇರುತ್ತದೆ ಎಂದು ತಿರುಗಾಟದ ರುಚಿ ಬಲ್ಲ ಹಿರಿಯರು ಹೇಳುವುದುಂಟು. ಭೂಪಟವನ್ನು ಹರಡಿಕೊಂಡು ದಾರಿಯ ಮೇಲೆ ಬೆರಳಾಡಿಸುವುದು, ಹೋಗಿಬಂದವರನ್ನು ಕಾಡಿ ಕೇಳುವುದು, ನೋಡಬೇಕಾದುದರ ಪಟ್ಟಿ ಮಾಡಿ ಮತ್ತೆ ಹೊಡೆದುಹಾಕುವುದು - ಇವೆಲ್ಲ ಆ ಅರ್ಧ ಪಾಲಿಗೆ ಸೇರಿದವು. ಆದರೆ ನೋಡಹೊರಟದ್ದು ದೇವಾಲಯವೋ ಜಲಪಾತವೋ ಆಗಿದ್ದರೆ ಈ ಸಿದ್ಧತೆ ಸುಲಭ. ಅವು ನಮಗಾಗಿ ಕಾದು ನಿಂತಿರುತ್ತವೆ. ನಾವು ಎಷ್ಟು ಹೊತ್ತಿಗೆ ಹೋದರೂ ತಮ್ಮ ಸ್ಥಾನದಲ್ಲಿ ತಾವಿರುತ್ತವೆ. ಒಂದು ಕಸುಬನ್ನು ನೋಡಲು ಹೊರಟವನ ಪಾಡು ಬೇರೆ. ಕಸುಬು ಕಲ್ಲಿನಲ್ಲಿಲ್ಲ, ಕೈಯಲ್ಲಿದೆ. ಕೈ ಆಡುವಾಗ ಅದು ಉಂಟು, ಕೈ ನಿಂತಾಗ ಇಲ್ಲ. ಆದುದರಿಂದ ಅಂಥ ಊರಿಗೆ ಹೊರಡುವವನು ಏನನ್ನು ನೋಡಬೇಕೆಂಬುದರ ಜೊತೆಗೆ ಯಾವ ಕ್ರಮದಲ್ಲಿ, ಎಷ್ಟು ತಾಳ್ಮೆಯಿಂದ ನೋಡಬೇಕೆಂಬುದನ್ನೂ ಮೊದಲೇ ಯೋಚಿಸಿಕೊಳ್ಳಬೇಕಾಗುತ್ತದೆ.

ನಾನು ಹೇಳುತ್ತಿರುವುದು ಚೀನದ ಜಿಂಗ್‌ದೆಜೆನ್ ಎಂಬ ಊರಿನ ವಿಚಾರ. ಆ ದೇಶದ ಆಗ್ನೇಯದಲ್ಲಿ ಜಿಯಾಂಗ್‌ಶಿ ಎಂಬ ಪ್ರಾಂತ. ಅದರ ಈಶಾನ್ಯದ ಬೆಟ್ಟಗಳ ನಡುವೆ ಚಾಂಗ್ ಎಂಬ ನದಿ. ಆ ನದಿಯ ದಂಡೆಯಲ್ಲಿ ಈ ಊರು. ನದಿಯ ದಕ್ಷಿಣಕ್ಕಿದ್ದ ಕಾರಣ ಇದಕ್ಕೆ ಹಿಂದೆ ಚಾಂಗ್‌ನಾನ್ ಎಂಬ ಹೆಸರಿತ್ತು. ಸೋಂಗ್ ವಂಶದ ಚಕ್ರವರ್ತಿ ಝೆನ್‌ಜೋಂಗ್ ಇಲ್ಲಿಯ ಪಾತ್ರೆಗಳಿಗೆ ಮನಸೋತು, 1004ರಲ್ಲಿ ಆರಂಭವಾದ ತನ್ನ ‘ಜಿಂಗ್‌ದೆ’ ಆಳ್ವಿಕೆಯ ಹೆಸರನ್ನೇ ಊರಿಗೆ ಕೊಟ್ಟನು. ಅಂದಿನಿಂದ ಇಂದಿನವರೆಗೆ ಸಾವಿರ ವರ್ಷಕ್ಕೂ ಮಿಕ್ಕಿ ಈ ಊರು ಮಾಡಿಕೊಂಡು ಬಂದಿರುವುದು ಮುಖ್ಯವಾಗಿ ಒಂದೇ ಕೆಲಸ: ಮಣ್ಣನ್ನು ಸುಟ್ಟು ಪಿಂಗಾಣಿ ಮಾಡುವುದು. ಯುನೆಸ್ಕೊ ಸಂಸ್ಥೆ 2014ರಲ್ಲಿ ಇದನ್ನು ಕರಕುಶಲ ಮತ್ತು ಜಾನಪದ ಕಲೆಯ ನಗರವೆಂದು ಗುರುತಿಸಿತು. ಚೀನ ದೇಶಕ್ಕೆ ಆ ಹೆಸರು ಬಂದುದೇ ಚಾಂಗ್‌ನಾನ್ ಎಂಬುದರಿಂದ ಎಂದು ಅಲ್ಲಿಯ ಮಾರ್ಗದರ್ಶಕರು ಹೆಮ್ಮೆಯಿಂದ ಹೇಳುವುದುಂಟಂತೆ. ಕಾಳಿದಾಸನ ಶಾಕುಂತಲದಲ್ಲಿ ‘ಚೀನಾಂಶುಕ’ವನ್ನು ಕಂಡ ನಮ್ಮ ವಿದ್ಯಾರ್ಥಿಗಳು ಈ ಮಾತಿಗೆ ಮುಗುಳ್ನಕ್ಕು ಸುಮ್ಮನಾಗಬಹುದು, ಈ ಊರು ಪ್ರಸಿದ್ಧಿಗೆ ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಚೀನವೆಂಬ ಹೆಸರು ನಮ್ಮಲ್ಲಿ ಬಳಕೆಯಲ್ಲಿತ್ತು. ಆದರೆ ಸ್ವಂತ ಊರಿನ ಮೇಲಣ ಪ್ರೀತಿ ವ್ಯುತ್ಪತ್ತಿಶಾಸ್ತ್ರವನ್ನು ಲೆಕ್ಕಿಸದಿರುವುದು ಎಲ್ಲ ದೇಶಗಳಲ್ಲಿಯೂ ಉಂಟು.

ಶಬ್ದದ ಮಾತು ಬಂದುದರಿಂದ ಇನ್ನೊಂದೆರಡು ಮಾತು. ನಾವು ಕನ್ನಡದ್ದೇ ಎಂಬಷ್ಟು ಸಲಿಗೆಯಿಂದ ಬಳಸುವ ‘ಪಿಂಗಾಣಿ’ ಬಟ್ಟಲೆಂಬ ಅರ್ಥದ ಪಾರಸಿ ಪದದಿಂದ ಬಂದುದು. ಇಂಗ್ಲಿಷಿನವರ ‘ಪೋರ್ಸಲೇನ್’ ಇಟಲಿಯದು; ಅಲ್ಲಿ ಅದು ಕವಡೆಯ ಹೆಸರು. ಕವಡೆಯಂತೆ ಬೆಳ್ಳಗೆ, ನುಣ್ಣಗೆ, ಬೆಳಕು ಹಾಯುವಂತೆ ಇರುವ ಈ ಪದಾರ್ಥವನ್ನು ಮಣ್ಣೆಂದು ನಂಬುವುದು ಅವರಿಗೆ ಕಷ್ಟವಾಗಿತ್ತು. ಹೀಗೆ ಚೀನದವರು ಮಾಡಿದ ವಸ್ತುವಿಗೆ ನಾವು ಪಾರಸಿಯ ಹೆಸರಿಟ್ಟೆವು, ಯೂರೋಪಿನವರು ಕಡಲ ಚಿಪ್ಪಿನ ಹೆಸರಿಟ್ಟರು. ಹೆಸರುಗಳ ಈ ಅಲೆದಾಟವೇ ವಸ್ತು ಎಷ್ಟು ದೂರ ಅಲೆದಿದೆ ಎಂಬುದಕ್ಕೆ ಸಾಕ್ಷಿ. ಬೇರೊಂದು ಸಾಕ್ಷಿ ನಮ್ಮ ನೆಲದಲ್ಲಿಯೇ ಇದೆ. ಹಂಪೆಯಲ್ಲಿ ನಡೆದ ಉತ್ಖನನಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ದೊರೆತಿವೆ. ಅವು ಸಿಕ್ಕ ನೆಲೆಯಲ್ಲಿ ಸಿರಿವಂತ ವರ್ತಕರು ವಾಸವಾಗಿದ್ದಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ವಿಜಯನಗರದ ಯಾವುದೋ ಮನೆಯಲ್ಲಿ ಊಟಕ್ಕೆ ಒದಗಿದ ಬಟ್ಟಲು ಎಲ್ಲಿಯ ಬೆಟ್ಟದ ಮಣ್ಣಿನಿಂದ ಹುಟ್ಟಿತೆಂಬ ಕುತೂಹಲವೇ ಅಷ್ಟು ದೂರದ ಪ್ರಯಾಣಕ್ಕೆ ಸಾಕಾದ ನೆಪ.

ನಮ್ಮ ಕಾಲೇಜಿನ ಮೂವರು ಅಧ್ಯಾಪಕರು ಸೇರಿ ಬರುವ ಶರತ್ಕಾಲದಲ್ಲಿ ಈ ಊರಿಗೆ ಹೋಗಬೇಕೆಂದು ಯೋಚಿಸುತ್ತಿದ್ದೇವೆ. ಹಣದ ಮಟ್ಟಿಗೆ ಮೂವರದೂ ಒಂದೇ ಸ್ಥಿತಿ. ಅಭಿಪ್ರಾಯದ ಮಟ್ಟಿಗೆ ಮೂವರದೂ ಮೂರು ದಾರಿ. ಚರಿತ್ರೆಯ ಮಿತ್ರರಿಗೆ ವಸ್ತುಸಂಗ್ರಹಾಲಯ ಮೊದಲು, ಮಿಕ್ಕದ್ದು ಆಮೇಲೆ. ಅರ್ಥಶಾಸ್ತ್ರದವರಿಗೆ ಅಂಗಡಿಬೀದಿ ಕಂಡರೆ ಊರು ಕಂಡಂತೆ. ಪ್ರವಾಸದ ಏಜೆಂಟನ ಪಟ್ಟಿಯಂತೂ ಒಂದೇ ಹಗಲಿನಲ್ಲಿ ಎಲ್ಲವನ್ನೂ ಮುಗಿಸಿ ಸಂಜೆಗೆ ಬೇರೆ ಊರಿಗೆ ದಾಟಿಸಿಬಿಡುತ್ತದೆ. ನಾನು ಸೂಚಿಸಿದ ಕ್ರಮ ಇದು: ಮಣ್ಣು ಯಾವ ದಾರಿಯಲ್ಲಿ ನಡೆಯುತ್ತದೆಯೋ ನಾವೂ ಅದೇ ದಾರಿಯಲ್ಲಿ ನಡೆಯೋಣ. ಬೆಟ್ಟದಿಂದ ಒರಳಿಗೆ, ಒರಳಿನಿಂದ ತಿಗರಿಗೆ, ತಿಗರಿಯಿಂದ ಆವಿಗೆಗೆ, ಆವಿಗೆಯಿಂದ ಅರಮನೆಗೆ ಅಥವಾ ಕಸದ ಗುಂಡಿಗೆ, ಕೊನೆಗೆ ಅಂಗಡಿಗೆ. ನಾಲ್ಕು ದಿನ ಬೇಕು. ಅಂಗಡಿಯಿಂದ ಆರಂಭಿಸಿದವನಿಗೆ ಬಟ್ಟಲಿನ ಬೆಲೆ ಮಾತ್ರ ಗೊತ್ತಾಗುವುದು. ಬೆಟ್ಟದಿಂದ ಆರಂಭಿಸಿದವನಿಗೆ ಅಂಗಡಿಗೆ ಬರುವ ಹೊತ್ತಿಗೆ ಅದರ ಮೌಲ್ಯವೂ ತಿಳಿದಿರುತ್ತದೆ. ಈ ವಾದಕ್ಕೆ ಇಬ್ಬರೂ ಒಪ್ಪಿದರು; ಅರ್ಥಶಾಸ್ತ್ರದವರು ಸ್ವಲ್ಪ ತಡವಾಗಿ.

ವ್ಯವಹಾರದ ಮಾತುಗಳನ್ನು ಮೊದಲು ಮುಗಿಸಿಬಿಡೋಣ. ಭಾರತಕ್ಕೂ ಚೀನಕ್ಕೂ ನಡುವೆ 2020ರಲ್ಲಿ ನಿಂತುಹೋಗಿದ್ದ ನೇರ ವಿಮಾನಸಂಚಾರ 2025ರ ಅಕ್ಟೋಬರಿನಲ್ಲಿ ಮತ್ತೆ ಆರಂಭವಾಯಿತು. ಶಾಂಘೈಯನ್ನು ತಲಪಿದರೆ ಅಲ್ಲಿಂದ ವೇಗದ ರೈಲಿನಲ್ಲಿ ಅರ್ಧ ಹಗಲಿನ ದಾರಿ. ಬೇಸಗೆಯಲ್ಲಿ ಆ ಪ್ರಾಂತ ಉರಿಯುತ್ತದೆ, ಬೆವರಿಳಿಸುತ್ತದೆ; ಜೂನ್ ತಿಂಗಳು ಮಳೆಯದು. ಅಕ್ಟೋಬರಿನ ನಡುಭಾಗದಿಂದ ನವೆಂಬರಿನವರೆಗೆ ಹವೆ ಹಿತ. ಅಕ್ಟೋಬರಿನ ಮೊದಲ ವಾರ ಮಾತ್ರ ಅಲ್ಲಿಯ ರಾಷ್ಟ್ರೀಯ ಹಬ್ಬದ ರಜ. ಆಗ ಇಡೀ ಚೀನವೇ ಪ್ರಯಾಣದಲ್ಲಿರುವುದರಿಂದ ಹೊರಗಿನವರು ದೂರವಿರುವುದು ಲೇಸು. ಊರಿನ ದೊಡ್ಡ ಪಿಂಗಾಣಿ ಜಾತ್ರೆ, 2004ರಲ್ಲಿ ಆ ಹೆಸರಿನ ಸಾವಿರದ ವರ್ಷದಂದು ಆರಂಭವಾದದ್ದು, ಅಕ್ಟೋಬರಿನಲ್ಲಿಯೇ ಸೇರುತ್ತದೆ. ಸೋಮವಾರ ಚೀನದ ಬಹುತೇಕ ವಸ್ತುಸಂಗ್ರಹಾಲಯಗಳಿಗೆ ಬಿಡುವು ಎಂಬುದನ್ನು ಮರೆಯಬಾರದು. ಹಣವನ್ನು ಅಲ್ಲಿ ಜನ ಜೇಬಿನಿಂದ ತೆಗೆಯುವುದು ಅಪರೂಪ, ಎಲ್ಲವೂ ಮೊಬೈಲಿನಲ್ಲಿ. ಅದರ ಏರ್ಪಾಟನ್ನು ಇಲ್ಲಿಂದಲೇ ಮಾಡಿಕೊಂಡು ಹೋಗಬೇಕು. ಪಾಸ್‌ಪೋರ್ಟು ಸದಾ ಕೈಯಲ್ಲಿರಬೇಕು. ಪ್ರವೇಶದ ಚೀಟಿ ಅದರ ಮೇಲೆಯೇ ದೊರೆಯುವುದು.

ಮೊದಲ ದಿನ ಬೆಟ್ಟಕ್ಕೆ. ಊರಿನ ಈಶಾನ್ಯದಲ್ಲಿ ಗಾವೊಲಿಂಗ್ ಎಂಬ ಗುಡ್ಡವಿದೆ. ‘ಎತ್ತರದ ಏಣು’ ಎಂದಷ್ಟೆ ಆ ಹೆಸರಿನ ಅರ್ಥ. ನಮ್ಮ ಭೂಗರ್ಭಶಾಸ್ತ್ರದ ಪುಸ್ತಕಗಳಲ್ಲಿ ಬರುವ ‘ಕೇಯೊಲಿನ್’ ಎಂಬ ಬಿಳಿಯ ಜೇಡಿಮಣ್ಣು ಹೆಸರು ಪಡೆದದ್ದು ಈ ಗುಡ್ಡದಿಂದ. ಇಲ್ಲಿಯ ಗಣಿಗಳು ಎಂದೋ ಬರಿದಾಗಿವೆ. ಪಿಂಗಾಣಿಗೆ ಎರಡು ಪದಾರ್ಥ ಬೇಕು. ಒಂದು ಈ ಜೇಡಿ, ಮತ್ತೊಂದು ಪಿಂಗಾಣಿಗಲ್ಲು. ಜೇಡಿ ಎಲುಬು, ಕಲ್ಲು ಮಾಂಸ ಎನ್ನುವುದು ಅಲ್ಲಿಯ ಕುಂಬಾರರ ನುಡಿ. ಬೆಂಕಿಯಲ್ಲಿ ಕಲ್ಲು ಕರಗಿ ಗಾಜಿನಂತಾಗುತ್ತದೆ. ಜೇಡಿ ಕರಗದೆ ನಿಂತು ಪಾತ್ರೆಯ ಆಕಾರ ಕುಸಿಯದಂತೆ ಹಿಡಿದುಕೊಳ್ಳುತ್ತದೆ. ಎರಡೂ ಬೆರೆತು ಸುಮಾರು 1,300 ಡಿಗ್ರಿ ಶಾಖದಲ್ಲಿ ಬೆಂದರೆ ತಟ್ಟಿದಾಗ ಗಂಟೆಯಂತೆ ನುಡಿಯುವ ಪಿಂಗಾಣಿ. ಕಲ್ಲನ್ನು ಪುಡಿಮಾಡಲು ತೊರೆಯ ದಂಡೆಯಲ್ಲಿ ನೀರಿನ ಒನಕೆಗಳಿರುತ್ತಿದ್ದವು. ಹರಿಯುವ ನೀರು ಚಕ್ರವನ್ನು ತಿರುಗಿಸಿ, ಚಕ್ರ ಮರದ ಒನಕೆಗಳನ್ನೆತ್ತಿ, ಒನಕೆಗಳು ಒರಳಿನ ಕಲ್ಲನ್ನು ಹಗಲಿರುಳೂ ಕುಟ್ಟುವ ಏರ್ಪಾಟು. ಅಂಥವನ್ನು ಆ ಸೀಮೆಯಲ್ಲಿ ಇಂದೂ ಕಾಣಬಹುದು. ಕುಟ್ಟಿದ ಪುಡಿಯನ್ನು ನೀರಿನಲ್ಲಿ ಸೋಸಿ ಸಣ್ಣ ಇಟ್ಟಿಗೆಗಳನ್ನಾಗಿ ಮಾಡಿ ಊರಿಗೆ ಸಾಗಿಸುತ್ತಿದ್ದರು.

ಈ ರಹಸ್ಯವನ್ನು ಯೂರೋಪಿಗೆ ವಿವರವಾಗಿ ತಿಳಿಸಿದವನು ದಾಂತ್ರಕೋಲ್ ಎಂಬ ಫ್ರೆಂಚ್ ಜೆಸ್ಯುಯಿಟ್ ಪಾದ್ರಿ. ಜಿಂಗ್‌ದೆಜೆನ್ನಿನ ಕುಶಲಿಗಳೊಡನೆ ಒಡನಾಡಿ ತಿಳಿದುದನ್ನು ಆತ 1712 ಮತ್ತು 1722ರಲ್ಲಿ ಎರಡು ದೀರ್ಘ ಪತ್ರಗಳಲ್ಲಿ ಬರೆದನು. ಅದಕ್ಕೆ ತುಸು ಮೊದಲು ಜರ್ಮನಿಯಲ್ಲಿ ಬಟ್ಗರ್ ಎಂಬಾತ, ಚಿನ್ನ ಮಾಡಿಕೊಡುತ್ತೇನೆಂದು ರಾಜನ ಸೆರೆಯಲ್ಲಿ ಸಿಕ್ಕಿಬಿದ್ದವನು, ಚಿನ್ನದ ಬದಲು ಪಿಂಗಾಣಿಯನ್ನು ಕಂಡುಹಿಡಿಯುವುದರಲ್ಲಿ ಪಾಲುಗೊಂಡಿದ್ದನು. ಅಷ್ಟು ದೊಡ್ಡ ಯೂರೋಪ್ ಖಂಡವೇ ಒಂದು ಬಟ್ಟಲಿನ ಗುಟ್ಟಿಗಾಗಿ ಹಂಬಲಿಸಿತ್ತು. ಪಾದ್ರಿಯ ಪತ್ರಗಳು ಇಂಗ್ಲಿಷಿಗೆ ಬಂದಿವೆ. ಹೊರಡುವ ಮುನ್ನ ಓದಿಕೊಂಡರೆ ಅರ್ಧ ಊರು ನೋಡಿದಂತೆಯೇ.

ಎರಡನೆಯ ದಿನ ಹಳೆಯ ಆವಿಗೆಗಳ ಬಯಲು ಸಂಗ್ರಹಾಲಯಕ್ಕೆ. ಊರಿನ ಪಶ್ಚಿಮದ ಅಂಚಿನಲ್ಲಿ ಮರಗಳ ನೆರಳಿನಲ್ಲಿ ಹಿಂದಿನ ಕುಲುಮೆಮನೆಗಳನ್ನೂ ವಾಸದ ಮನೆಗಳನ್ನೂ ತಂದು ನಿಲ್ಲಿಸಿದ್ದಾರೆ. ಸೋಂಗ್, ಯುವಾನ್, ಮಿಂಗ್, ಚಿಂಗ್ ಎಂಬ ನಾಲ್ಕು ವಂಶಗಳ ಕಾಲದ ಆವಿಗೆಗಳ ಮಾದರಿಗಳು ಅಲ್ಲಿವೆ. ಗುಡ್ಡದ ಇಳಿಜಾರಿನಲ್ಲಿ ಹಾವಿನಂತೆ ಮಲಗಿದ್ದು ಒಂದು, ಸೋರೆಬುರುಡೆಯಂತೆ ನಡು ಸಣ್ಣಗಾದದ್ದು ಒಂದು, ಮೊಟ್ಟೆಯನ್ನು ಅಡ್ಡಲಾಗಿ ಸೀಳಿ ಕವುಚಿದಂಥದು ಒಂದು. ಈ ಮೊಟ್ಟೆಯಾಕಾರದ ಆವಿಗೆಯೇ ಊರಿನ ಸ್ವಂತ ಸೃಷ್ಟಿ. ದೀರ್ಘಕಾಲ ತಣ್ಣಗಿದ್ದ ಅದನ್ನು 2009ರಲ್ಲಿ ಪೈನ್ ಮರದ ಸೌದೆಯಿಂದ ಮತ್ತೆ ಹೊತ್ತಿಸಿದರು. ಹಸಿ ಪಾತ್ರೆಗಳಿಗೆ ಬೂದಿ ಕಿಡಿ ತಾಗದಂತೆ ಒಂದೊಂದನ್ನೂ ಒರಟು ಮಣ್ಣಿನ ಡಬ್ಬಿಗಳಲ್ಲಿಟ್ಟು, ಡಬ್ಬಿಗಳನ್ನು ಕಂಬಗಳಂತೆ ಪೇರಿಸಿ ಬಾಗಿಲು ಮುಚ್ಚುವರು. ಒಳಗಿನ ಶಾಖವನ್ನು ಅಳೆಯಲು ಹಿಂದೆ ಯಾವ ಯಂತ್ರವೂ ಇರಲಿಲ್ಲ. ಆವಿಗೆಯ ಯಜಮಾನ ಕಿಂಡಿಯಿಂದ ಬೆಂಕಿಯ ಬಣ್ಣವನ್ನು ನೋಡುವನು. ಒಳಕ್ಕೆ ಉಗುಳಿ ಅದು ಆರುವ ಬಗೆಯಿಂದ ಶಾಖವನ್ನು ನಿರ್ಣಯಿಸುವನು. ಆ ಒಂದು ನಿರ್ಣಯ ತಪ್ಪಿದರೆ ನೂರಾರು ಜನರ ತಿಂಗಳುಗಳ ದುಡಿಮೆ ಬೂದಿ.

ನೂರಾರು ಜನ ಎಂದೆ. ಇದು ಅಲಂಕಾರದ ಮಾತಲ್ಲ. ಜಿಯಾಂಗ್‌ಶಿ ಪ್ರಾಂತದವನೇ ಆದ ಸೋಂಗ್ ಯಿಂಗ್‌ಶಿಂಗ್ ಎಂಬ ವಿದ್ವಾಂಸ 1637ರಲ್ಲಿ ಪ್ರಕಟವಾದ ತನ್ನ ಕೈಗಾರಿಕೆಗಳ ಗ್ರಂಥದಲ್ಲಿ ಒಂದು ಬಟ್ಟಲು ಪೂರ್ಣವಾಗಲು 72 ಕೈಗಳನ್ನು ದಾಟಬೇಕೆಂದು ಲೆಕ್ಕ ಕೊಟ್ಟಿದ್ದಾನೆ. ತಿಗರಿಯಲ್ಲಿ ಎತ್ತುವವನು ಒಬ್ಬ. ಅರೆ ಒಣಗಿದ ಮೇಲೆ ಉಳಿಯಿಂದ ಕೆರೆದು ತೆಳ್ಳಗಾಗಿಸುವವನು ಇನ್ನೊಬ್ಬ. ಗೆರೆ ಎಳೆಯುವವನು ಒಬ್ಬ, ಬಣ್ಣ ತುಂಬುವವನು ಬೇರೊಬ್ಬ. ಬಿದಿರಿನ ಕೊಳವೆಗೆ ತೆಳುಬಟ್ಟೆ ಕಟ್ಟಿ ಊದಿ ಮೆರುಗು ಹಾಯಿಸುವವನು ಮತ್ತೊಬ್ಬ. ನೀಲಿ ಚಿತ್ರದ ಪಾತ್ರೆಗಳಲ್ಲಿ ಒಂದು ವಿಶೇಷವುಂಟು. ಯುವಾನರ ಕಾಲದಲ್ಲಿ ಪಾರಸಿಕ ದೇಶದಿಂದ ತರಿಸುತ್ತಿದ್ದ ಕೋಬಾಲ್ಟ್ ಎಂಬ ಖನಿಜದಿಂದ ಬರೆಯುವಾಗ ಗೆರೆ ಮಸಿಯಂತೆ ಕಂದುಗಪ್ಪಾಗಿ ಕಾಣುತ್ತದೆ. ನೀಲಿ ಹುಟ್ಟುವುದು ಬೆಂಕಿಯಲ್ಲಿ. ಚಿತ್ರಕಾರ ತಾನು ಬರೆಯುತ್ತಿರುವ ಬಣ್ಣವನ್ನು ಕಣ್ಣಿನಿಂದ ಕಾಣದೆ ಮನಸ್ಸಿನಲ್ಲಿಯೇ ಕಂಡು ಬರೆಯಬೇಕು. ಕಾವ್ಯದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉಪಮಾನ ಸಿಕ್ಕುವುದು ಕಷ್ಟ.

ಇಲ್ಲಿ ಒಂದು ಸಂಕೋಚದ ವಿಷಯವನ್ನು ಹೇಳಬೇಕು. ಈ ಸಂಗ್ರಹಾಲಯದಲ್ಲಿ ಮುದಿ ಕುಶಲಿಗಳು ಸಾಲಾಗಿ ಕುಳಿತು ಪ್ರವಾಸಿಗಳ ಕಣ್ಣೆದುರಿಗೆ ಕೆಲಸ ಮಾಡುತ್ತಾರೆ. ಜನ ಬರುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ, ಮುಂದೆ ಸರಿಯುತ್ತಾರೆ. ಒಂದು ಕಾಲದಲ್ಲಿ ಊರಿಗೆ ಅನ್ನವಿಕ್ಕಿದ ಕೈ ಇಂದು ಪ್ರದರ್ಶನದ ವಸ್ತುವಾಯಿತಲ್ಲ ಎಂದು ನಮ್ಮ ಚರಿತ್ರೆಯ ಮಿತ್ರರು ಕೊರಗುತ್ತಾರೆ. ಪ್ರದರ್ಶನವೂ ಇಲ್ಲದಿದ್ದರೆ ಆ ಕೈ ಸುಮ್ಮನಿರಬೇಕಾಗಿತ್ತು ಎಂದು ಅರ್ಥಶಾಸ್ತ್ರದವರು ಉತ್ತರ ಕೊಡುತ್ತಾರೆ. ಇಬ್ಬರ ಮಾತೂ ನಿಜ. ನೋಡುವವನ ನಡತೆಯಲ್ಲಿ ಮಾತ್ರ ಇದಕ್ಕೆ ಏನಾದರೂ ಪರಿಹಾರವಿದ್ದೀತು. ಹತ್ತು ಜನರ ಮುಂದೆ ಹತ್ತು ಕ್ಷಣ ನಿಲ್ಲುವ ಬದಲು ಒಬ್ಬನ ಮುಂದೆ ಅರ್ಧ ಹಗಲು ಕುಳಿತುಕೊಳ್ಳೋಣವೆಂದು ನಿಶ್ಚಯಿಸಿದ್ದೇವೆ. ಅಷ್ಟು ಹೊತ್ತು ಕುಳಿತವನಿಗೆ ಅವನ ಮೊಣಕೈ ಎಲ್ಲಿ ಊರಿದೆ, ಉಸಿರು ಯಾವಾಗ ಬಿಗಿಯುತ್ತಾನೆ, ಕೆಟ್ಟ ಬಟ್ಟಲನ್ನು ಯಾವ ಮುಖದಿಂದ ಹಿಸುಕಿ ಮುದ್ದೆ ಮಾಡುತ್ತಾನೆ ಎಂಬುದು ಕಂಡೀತು. ಆಗ ಅವನು ವಸ್ತುವಾಗಿ ಉಳಿಯುವುದಿಲ್ಲ. ನಮಗೆ ಪಾಠ ಹೇಳುವ ಮೇಷ್ಟರಾಗುತ್ತಾನೆ.

ಮೂರನೆಯ ದಿನ ಅರಮನೆಯ ಆವಿಗೆಗಳಿದ್ದ ಊರ ನಡುವಿನ ಜೂಶಾನ್ ದಿಬ್ಬಕ್ಕೆ. ಮಿಂಗ್ ಮತ್ತು ಚಿಂಗ್ ಚಕ್ರವರ್ತಿಗಳ ಪಾತ್ರೆಗಳು ತಯಾರಾಗುತ್ತಿದ್ದುದು ಇಲ್ಲಿ. ಪಕ್ಕದಲ್ಲಿ ಝು ಪೇಯ್ ಎಂಬ ವಾಸ್ತುಶಿಲ್ಪಿ ರಚಿಸಿದ ಹೊಸ ಸಂಗ್ರಹಾಲಯವಿದೆ. ಹಳೆಯ ಆವಿಗೆಗಳ ಆಕಾರದಲ್ಲಿಯೇ ಇಟ್ಟಿಗೆಯ ಎಂಟು ಕಮಾನುಗಳು ನೆಲಕ್ಕೆ ಒರಗಿ ನಿಂತಿವೆ. ಆವಿಗೆಗಳಿಂದ ಬಿಚ್ಚಿದ ಹಳೆಯ ಇಟ್ಟಿಗೆಗಳೂ ಅದರಲ್ಲಿ ಸೇರಿವೆ. ಆದರೆ ಈ ದಿಬ್ಬದ ನಿಜವಾದ ಸಂಪತ್ತು ನೆಲದೊಳಗಿನಿಂದ ಬಂದುದು. ಮಿಂಗರ ಕಾಲದಲ್ಲಿ ಅರಮನೆಗೆ ಸಲ್ಲದ ಪಾತ್ರೆಯನ್ನು ಬೇರೆಯವರು ಬಳಸಕೂಡದು. ಕೂದಲೆಳೆಯಷ್ಟು ದೋಷವಿದ್ದರೂ ಅದನ್ನು ಒಡೆದು ಅಲ್ಲಿಯೇ ಹೂಳುತ್ತಿದ್ದರು. 1980ರ ದಶಕದಿಂದ ಪುರಾತತ್ವಜ್ಞರು ಈ ಬೋಕಿಗಳನ್ನು ಅಗೆದು ತೆಗೆದು, ಚೂರಿಗೆ ಚೂರು ಜೋಡಿಸಿ, ಬಟ್ಟಲುಗಳನ್ನು ಮತ್ತೆ ನಿಲ್ಲಿಸಿದ್ದಾರೆ. ಚಕ್ರವರ್ತಿ ಬೇಡವೆಂದುದೇ ಇಂದು ಊರಿನ ಭಂಡಾರ. ಗೆದ್ದ ಪಾತ್ರೆಗಳು ದೂರದ ಅರಮನೆಗಳಿಗೆ ಹೋದವು. ಸೋತ ಪಾತ್ರೆಗಳು ತಮ್ಮನ್ನು ಮಾಡಿದವರ ಬಳಿಯಲ್ಲಿ ಉಳಿದವು.

ಇದೇ ದಿಬ್ಬದ ಮೇಲೆ ಒಂದು ಕಥೆಯನ್ನು ನೆನೆಯದೆ ಬರಲಾಗದು. 1599ರಲ್ಲಿ ವಾನ್‌ಲಿ ಚಕ್ರವರ್ತಿಯ ಆಳ್ವಿಕೆ. ಪಾನ್ ಶಿಯಾಂಗ್ ಎಂಬ ಅರಮನೆಯ ನಪುಂಸಕ ಅಧಿಕಾರಿ ಊರಿಗೆ ಬಂದು ಡ್ರ್ಯಾಗನ್ ಚಿತ್ರದ ಭಾರಿ ಹಂಡೆಗಳನ್ನು ಸುಡುವಂತೆ ಆಜ್ಞಾಪಿಸಿದನು. ಅಷ್ಟು ದೊಡ್ಡ ಹಂಡೆ ಬೆಂಕಿಯಲ್ಲಿ ಬಿರಿಯದೆ ಬರುವುದು ದುಸ್ಸಾಧ್ಯ. ಒಂದಾದ ಮೇಲೊಂದು ಒಡೆಯಿತು. ಕುಶಲಿಗಳಿಗೆ ಪೆಟ್ಟು, ಹಸಿವು, ದಂಡನೆ. ತೋಂಗ್ ಬಿನ್ ಎಂಬ ಕುಂಬಾರ ಜೊತೆಯವರ ಸಂಕಟವನ್ನು ನೋಡಲಾರದೆ ಉರಿಯುವ ಆವಿಗೆಗೆ ತಾನೇ ಧುಮುಕಿದನು. ಮರುದಿನ ತೆರೆದರೆ ಹಂಡೆ ಬಿರುಕಿಲ್ಲದೆ ಬೆಂದಿತ್ತು ಎಂದು ಊರಿನ ನಂಬಿಕೆ. ಜನ ಅವನಿಗೆ ಗುಡಿ ಕಟ್ಟಿದರು. ಗಾಳಿಬೆಂಕಿಯ ಸಿದ್ಧನೆಂದು ಕುಂಬಾರರು ಅವನನ್ನು ಪೂಜಿಸುತ್ತ ಬಂದರು.

ಇದಕ್ಕೆ ಒಂದು ಉತ್ತರಕಥೆಯುಂಟು. ನನ್ನ ಮನಸ್ಸು ನಿಂತಿರುವುದು ಅದರ ಮೇಲೆ. 1728ರಲ್ಲಿ ತಾಂಗ್ ಯಿಂಗ್ ಎಂಬ ಅಧಿಕಾರಿ ಇಲ್ಲಿಗೆ ಬಂದನು. ಪಿಂಗಾಣಿಯ ವಿಷಯ ತನಗೇನೂ ತಿಳಿಯದೆಂದು ಕಂಡುಕೊಂಡು, ಮೂರು ವರ್ಷ ಕುಶಲಿಗಳ ಜೊತೆಯಲ್ಲಿಯೇ ಉಂಡು ಮಲಗಿ ಕೆಲಸ ಕಲಿತನು. ಮುಂದೆ 1743ರಲ್ಲಿ ಚಕ್ರವರ್ತಿಯ ಅಪ್ಪಣೆಯಂತೆ ಪಿಂಗಾಣಿಯ ಕೆಲಸವನ್ನು ತೋರಿಸುವ ಇಪ್ಪತ್ತು ಚಿತ್ರಗಳಿಗೆ ವಿವರಣೆ ಬರೆದವನೂ ಅವನೇ. ಆ ತಾಂಗ್ ಯಿಂಗ್ ಬೆಂಕಿಗೆ ಬಿದ್ದ ಕುಂಬಾರನ ಚರಿತ್ರೆಯನ್ನು ಬರೆದನು. ಅಷ್ಟೇ ಅಲ್ಲ, ವಾನ್‌ಲಿಯ ಕಾಲದ ಒಂದು ತಿರಸ್ಕೃತ ಹಂಡೆ, ಊನವಾದದ್ದು, ಗೋಡೆಯ ಬದಿಯಲ್ಲಿ ಬಿದ್ದಿದ್ದುದನ್ನು ಕಂಡು, ಅದನ್ನು ಹೊರಿಸಿಕೊಂಡು ಹೋಗಿ ಆ ಗುಡಿಯಲ್ಲಿ ಮರ್ಯಾದೆಯಿಂದ ಇರಿಸಿದನು. ಕೆಟ್ಟುಹೋದ ಪಾತ್ರೆಗೆ ಇಷ್ಟು ಗೌರವವೇಕೆ ಎಂಬ ಪ್ರಶ್ನೆಗೆ, ಅದರಲ್ಲಿರುವುದು ಆ ಕುಂಬಾರನ ರಕ್ತಮಾಂಸ ಎಂಬರ್ಥದ ಉತ್ತರವನ್ನು ಅವನೇ ಬರೆದಿಟ್ಟಿದ್ದಾನೆ. ಅರಮನೆಯ ಅಧಿಕಾರಿಯೊಬ್ಬ ಅರಮನೆ ಎಸೆದುದನ್ನು ಎತ್ತಿಕೊಂಡ ಈ ಘಟನೆ ಯಾವ ವೈಭವದ ಹೂದಾನಿಗಿಂತಲೂ ದೊಡ್ಡದೆಂದು ನನಗೆ ತೋರುತ್ತದೆ. ನಮ್ಮ ಹರಿಹರನು ರಗಳೆಯಲ್ಲಿ ಹಾಡಿದ ಗುಂಡಯ್ಯ ಮಡಕೆಯನ್ನು ತಟ್ಟಿ ಶಿವನನ್ನೇ ಕುಣಿಸಿದನು. ಅಲ್ಲಿ ಕಾಯಕ ಆನಂದವಾಯಿತು. ತೋಂಗ್ ಬಿನ್ನನ ಪಾಲಿಗೆ ಕಾಯಕ ಚಿತೆಯಾಯಿತು. ಮಣ್ಣು ಎರಡು ಕಡೆಯೂ ಒಂದೇ. ಅದರ ಮೇಲೆ ನಿಂತ ಆಳ್ವಿಕೆ ಬೇರೆ.

ನಾಲ್ಕನೆಯ ದಿನ ಇಂದಿನ ಊರಿಗೆ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಇಲ್ಲಿ ಸರ್ಕಾರದ ದೊಡ್ಡ ಕಾರ್ಖಾನೆಗಳೆದ್ದವು. 1990ರ ದಶಕದಲ್ಲಿ ಅವು ಮುಚ್ಚಿಹೋಗಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಅವುಗಳಲ್ಲಿ ಒಂದರ ಕಟ್ಟಡಗಳೇ 2016ರಲ್ಲಿ ತಾವೊಶಿಚ್ವಾನ್ ಎಂಬ ಕಲಾಕೇಂದ್ರವಾಗಿ ತೆರೆದವು. ಚೀನದ ಮೂಲೆಮೂಲೆಯಿಂದ, ಹೊರದೇಶಗಳಿಂದಲೂ, ತರುಣತರುಣಿಯರು ಬಂದು ಬಾಡಿಗೆಯ ಕೋಣೆಯಲ್ಲಿ ತಿಗರಿಯಿಟ್ಟುಕೊಂಡು ವಾರದ ಕೊನೆಗೆ ಸಂತೆಯಲ್ಲಿ ತಮ್ಮ ಪಾತ್ರೆ ಹರಡುತ್ತಾರೆ. 72 ಕೈಗಳ ಕೆಲಸವನ್ನು ಎರಡೇ ಕೈಗಳಿಂದ ಮಾಡುವ ಹಟ ಅವರದು. ಹಳಬರು ತಲೆಯಲ್ಲಾಡಿಸಬಹುದು, ಆದರೆ ಊರು ಸ್ಮಾರಕವಾಗಿ ಒಣಗದೆ ಉಳಿದಿರುವುದರಲ್ಲಿ ಈ ಹುಡುಗರ ಪಾಲು ದೊಡ್ಡದು.

ಕೊಳ್ಳುವ ವಿಷಯ ಬಂದಾಗ ಒಂದು ಎಚ್ಚರಿಕೆ. ಮಿಂಗರ ಚೆಂಗ್‌ಹುವಾ ಚಕ್ರವರ್ತಿಯ ಕಾಲದ, ಕೋಳಿಗಳ ಚಿತ್ರವಿರುವ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಬಟ್ಟಲೊಂದು 2014ರಲ್ಲಿ ಹಾಂಗ್‌ಕಾಂಗಿನ ಹರಾಜಿನಲ್ಲಿ 28 ಕೋಟಿ ಹಾಂಗ್‌ಕಾಂಗ್ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಅದೇ ಚಿತ್ರದ, ತಳದಲ್ಲಿ ಅದೇ ಚಕ್ರವರ್ತಿಯ ಮುದ್ರೆಯಿರುವ ನಕಲುಗಳು ಅಂಗಡಿಗಳಲ್ಲಿ ಸಾಲಾಗಿ ಕುಳಿತಿರುತ್ತವೆ. ನಕಲೆಂದು ತಿಳಿದು ಕೊಂಡರೆ ದೋಷವಿಲ್ಲ. ಆದರೆ ಬಟ್ಟಲನ್ನು ಮಗುಚಿ ನೋಡಿದಾಗ ಒಂದು ಮಾತು ಹೊಳೆಯದಿರದು. ಮಣ್ಣು ಕುಟ್ಟಿದವನ ಹೆಸರು ಅಲ್ಲಿಲ್ಲ, ತಿಗರಿ ತಿರುಗಿಸಿದವನದಿಲ್ಲ, ನೀಲಿಯನ್ನು ಮನಸ್ಸಿನಲ್ಲಿ ಕಂಡು ಬರೆದವನದಿಲ್ಲ. ಇರುವುದು ಮಣ್ಣನ್ನು ಮುಟ್ಟಿಯೂ ನೋಡದ ಚಕ್ರವರ್ತಿಯ ಹೆಸರು. ಈಗಿನ ತರುಣರ ಅಗ್ಗದ ಬಟ್ಟಲನ್ನು ಮಗುಚಿದರೆ ಅಲ್ಲಿ ಮಾಡಿದವನ ಗುರುತೇ ಇರುತ್ತದೆ. ನಾವು ಮೂವರೂ ಒಂದೊಂದು ಅಂಥ ಬಟ್ಟಲನ್ನೇ ತರುವುದೆಂದು ಗೊತ್ತುಮಾಡಿದ್ದೇವೆ.

ಇಷ್ಟು ದೂರ ಹೋಗಲಾಗದ ವಿದ್ಯಾರ್ಥಿಗಳು ನಿರಾಶರಾಗಬೇಕಾದುದಿಲ್ಲ. ಹೈದರಾಬಾದಿನ ಸಾಲಾರ್‌ಜಂಗ್ ಸಂಗ್ರಹಾಲಯದಲ್ಲಿ ಚೀನೀ ಪಿಂಗಾಣಿಯ ಒಳ್ಳೆಯ ಸಂಗ್ರಹವಿದೆ. ರಾತ್ರಿಯ ರೈಲಿಗೆ ಹತ್ತಿದರೆ ಬೆಳಗಿಗೆ ಅಲ್ಲಿರಬಹುದು. ಗಾಜಿನ ಬೀರುವಿನ ಮುಂದೆ ನಿಂತಾಗ ಹೊಳಪಿಗೆ ಮರುಳಾಗಿ ಮುಂದೆ ಸಾಗಬೇಡಿ. ಅಂಚಿನ ತೆಳುವನ್ನು ನೋಡಿರಿ. ಅದನ್ನು ಕೆರೆದ ಉಳಿಯನ್ನು ನೆನೆಯಿರಿ. ನೀಲಿಯನ್ನು ನೋಡಿರಿ, ಅದು ಕಪ್ಪಾಗಿದ್ದಾಗ ಅದನ್ನು ನಂಬಿ ಬರೆದವನನ್ನು ನೆನೆಯಿರಿ. ಕಣ್ಣಿಗೆ ಇಷ್ಟು ಅಭ್ಯಾಸವಾದರೆ ಚೀನಕ್ಕೆ ಹೋಗುವ ಸಿದ್ಧತೆ ಮುಗಿಯಿತು. ಮಿಕ್ಕದ್ದು ಟಿಕೆಟ್ಟಿನ ಮಾತು.